ಪೇಟೆಯ ಅನ್ನದ ವಿಚಾರದಲ್ಲಿ ಊರವರ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆಯೇ ಮುಖ್ಯ ಬೆಳೆಯೆಂಬುದು ಸರ್ವವಿದಿತವಾದದ್ದು. ಆದರೆ ಮನೆಯ ಅನ್ನವು ತೋಟದಿಂದ ಬರುವದಿಲ್ಲ. ಗದ್ದೆಯಿಂದಲೂ ಹಿತ್ತಿಲಿನಿಂದಲೂ ಬರುತ್ತದೆ. ಈಚೆಗೆ ಅನೇಕ ಗದ್ದೆಗಳು ತೋಟಗಳಾದವು. ಪೇಟೆಯ ಕಾಯಿಪಲ್ಲೆಯಲ್ಲಿ ಹೆಚ್ಚಿನ ಪಾಲು ಬಯಲುಸೀಮೆಯಿಂದ ಲಾರಿಗಳಲ್ಲಿ ಬರುತ್ತಿದೆ. ಕೆಸವು, ಸುವರ್ಣಗೆಡ್ಡೆ, ಬಸಳೆ, ಮೊಗೆಕಾಯಿ, ಅಪ್ಪೆಮಿಡಿ, ಮುರುಗಲು ಮೊದಲಾದವುಗಳನ್ನು ಹಳ್ಳಿಯ ಹೆಂಗಸರು ಬುಟ್ಟಿಗಳಲ್ಲಿ ತಂದು ಮಾರುತ್ತಾರೆ.

ಪೇಟೆಯವರು ಏನನ್ನು ಉಣ್ಣಬೇಕೆಂಬುದನ್ನು ದರವೇ ನಿರ್ಣಯಿಸುವದೆಂದು ಹಲವರು ತಿಳಿದಿರುವರು. ಇದು ಅರ್ಧ ಮಾತು. ಬುಟ್ಟಿ ಇಡಲು ಸ್ಥಳವೆಲ್ಲಿ, ಅದಕ್ಕೆ ಸುಂಕವೆಷ್ಟು, ಸಂತೆಯ ಜಾಗ ಎಲ್ಲಿರಬೇಕು, ಇವೆಲ್ಲ ಸಭೆಗಳಲ್ಲಿ ನಿರ್ಣಯವಾಗುವ ಸಂಗತಿಗಳು. ಬುಟ್ಟಿಗೆ ಸ್ಥಳ ತಪ್ಪಿದರೆ ಹೆಂಗಸು ಬೆಳೆಯುವದನ್ನೇ ಬಿಡುವಳು. ಗೆಡ್ಡೆಯನ್ನು ವರ್ಷವರ್ಷವೂ ನೆಡದಿದ್ದರೆ ಆ ತಳಿ ಕೈಬಿಟ್ಟು ಹೋಗುವದು. ಮಲೆನಾಡಿನ ತೇವದ ಹವೆಯಲ್ಲಿ ಸೌತೆ, ಹೀರೆಗಳ ಬೀಜವೂ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವದು. ಹೀಗೆ ಪೇಟೆಯ ಒಂದು ಠರಾವು ಹಳ್ಳಿಯ ಬೀಜದ ಗಡಿಗೆಯನ್ನು ಬರಿದು ಮಾಡಬಲ್ಲದು.

ಕಾಯದೆಯು ಜನರಿಗೆ ಈ ಸಭೆಗಳ ಬಾಗಿಲನ್ನು ತೆರೆದಿದೆ. 2014ರ ಬೀದಿ ವ್ಯಾಪಾರಿಗಳ ಕಾಯದೆಯ ಮೇರೆಗೆ ಶಿರಸಿ ನಗರಸಭೆಯಂತೆಯೇ ಸಿದ್ದಾಪುರ, ಯಲ್ಲಾಪುರಗಳ ಪಟ್ಟಣ ಪಂಚಾಯತಿಗಳಿಗೂ ಪಟ್ಟಣ ವ್ಯಾಪಾರ ಸಮಿತಿ ಇರತಕ್ಕದ್ದು. ಅದರ ಸಭಾಸದರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರು. ನೂರಕ್ಕೆ 10ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಸಂಘಸಂಸ್ಥೆಗಳಿಗೆ ಸಲ್ಲುವದು. ಬಹುಕಾಲದಿಂದ ಕೊಳ್ಳುವವರೂ ಮಾರುವವರೂ ಕೂಡುತ್ತ ಬಂದ ಸಂತೆಯು ಮೋಜಣಿಯಲ್ಲಿ ದಾಖಲಾದರೆ, ಆ ಸ್ಥಳವನ್ನು ವ್ಯಾಪಾರನಿಷೇಧದ ಪ್ರದೇಶವೆಂದು ಸಾರಲು ಬಾರದು. ಮೋಜಣಿಯು ಐದು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. 2013ರ ಆಹಾರ ಭದ್ರತಾ ಕಾಯದೆಯ ಮೇರೆಗೆ ನ್ಯಾಯಬೆಲೆ ಅಂಗಡಿಗೂ ಜಾಗೃತ ಸಮಿತಿಯುಂಟು.

ಕೂಡಿ ನಿಂತರೆ ಫಲವುಂಟೆಂಬುದಕ್ಕೆ ಶಿರಸಿಯಲ್ಲಿಯೇ ಉದಾಹರಣೆಯಿದೆ. ತೋಟಗಾರರು 1923ರಲ್ಲಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿ ಅಡಿಕೆಗೆ ಆಧಾರ ಮಾಡಿಕೊಂಡರು. 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಸಂಘದ ಹೆಂಗಸರು ಹಿತ್ತಿಲ ಬೀಜಗಳನ್ನು ಕಾಯ್ದು ಹಂಚುವದಲ್ಲದೆ, ಶಿರಸಿ ಪೇಟೆಯಲ್ಲಿ ಮಲೆನಾಡು ಮೇಳವನ್ನು ನಡೆಯಿಸಿ ಅವುಗಳಿಗೆ ಗಿರಾಕಿಗಳನ್ನು ದೊರಕಿಸಿದರು. ದೂರದ ಬ್ರೆಝಿಲ್ ದೇಶದ ಬೆಲೋ ಹಾರಿಜಾಂಟೆ ಎಂಬ ನಗರದ ಪೌರಸಭೆಯು 1993ರಲ್ಲಿ ಆಹಾರಕ್ಕಾಗಿಯೇ ಬೇರೆ ಖಾತೆಯನ್ನು ತೆರೆದು, ನಾಗರಿಕರ ಸಲಹೆ ಪಡೆದು, ರೈತರು ನೇರವಾಗಿ ಮಾರಲು ಪೇಟೆಯೊಳಗೆ ಸ್ಥಳಗಳನ್ನು ಕೊಟ್ಟಿತು. ಅಡಿಕೆಗೆ ದೊರೆತ ಒಗ್ಗಟ್ಟು ಕೆಸವಿಗೂ ದೊರೆಯಬಾರದೇಕೆ?

ಊರ ಮುಖ್ಯಸ್ಥರೂ ಜಮೀನುದಾರರೂ ಮಾಡತಕ್ಕ ಕೆಲಸಗಳು ಇವು:

1. ಊರಿನಿಂದ ಯಾರು, ಯಾವ ತಿಂಗಳಲ್ಲಿ, ಏನನ್ನು, ಎಷ್ಟು ಮಾರಲು ಒಯ್ಯುವರೆಂಬ ಯಾದಿಯನ್ನು ಬರೆದಿಡುವದು. ಲೆಕ್ಕವಿಲ್ಲದ ಬೇಡಿಕೆಗೆ ಸಭೆಯಲ್ಲಿ ತೂಕವಿಲ್ಲ.

2. 1993ರ ಪಂಚಾಯತಿ ಕಾಯದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕಾದ ಗ್ರಾಮಸಭೆಯಲ್ಲಿ ಸಂತೆಯ ಸ್ಥಳ, ನೆರಳು, ನೀರುಗಳ ಕುರಿತು ಠರಾವು ಮಾಡಿ ಪೇಟೆಯ ಪೌರಾಧಿಕಾರಿಗಳಿಗೆ ಕಳಿಸುವದು.

3. ಸಂತೆಯು ಮೋಜಣಿಯಲ್ಲಿ ದಾಖಲಾಗಿದೆಯೋ ಇಲ್ಲವೋ ವಿಚಾರಿಸುವದು. ಬೆಳೆಗಾರರ ಸಂಘದಿಂದ ಒಬ್ಬರಿಗೆ ಸಮಿತಿಯಲ್ಲಿ ಸ್ಥಾನ ಕೇಳುವದು.

4. ಸಭೆಗೆ ಬುಟ್ಟಿ ಹೊರುವ ಹೆಂಗಸರನ್ನೇ ಕರೆದೊಯ್ಯುವದು. ಸುಂಕದ ಭಾರವು ಎಷ್ಟೆಂಬುದನ್ನು ಅದನ್ನು ಕೊಡುವವರೇ ಸರಿಯಾಗಿ ಹೇಳಬಲ್ಲರು.

ಮಳೆಗಾಲದಲ್ಲಿ ರಸ್ತೆ ಕಟ್ಟಿದ ದಿನ ಹಿತ್ತಿಲೇ ಪೇಟೆಗೂ ಆಸರೆ. ಆದ್ದರಿಂದ ಹಿತ್ತಿಲಿನ ಪರವಾಗಿ ಮಾತಾಡುವದು ಹಳ್ಳಿಯವರ ಸ್ವಾರ್ಥವಲ್ಲ, ಪೇಟೆಗೂ ಹಿತವಾದದ್ದು.