ಬೆನ್ನೊಳಗಿನ ಕಳ್ಳ ಯಾರು?

ಮೂಟೆ ಎತ್ತಿದ್ದಕ್ಕೆ ನೋವು, ಬಸ್ಸಿನ ಕುಲುಕಾಟಕ್ಕೆ ನೋವು ಅಂತ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುವವರೇ ಪೇಟೆಯಲ್ಲಿ ಹೆಚ್ಚು. ಆದರೆ ರಾತ್ರಿಯೂ ಬಿಡದ ಬೆನ್ನುನೋವಿನ ಜತೆಗೆ ಜ್ವರ ಬಂದು ಮೈ ಇಳಿದರೆ ಹುಷಾರು! ಬೆನ್ನುಮೂಳೆಗೇ ಸೋಂಕು ತಗುಲಿರಬಹುದು.

ಈ ಕಳ್ಳರಲ್ಲಿ ಮುಖ್ಯರು ಇಬ್ಬರು. ಒಬ್ಬ ಕ್ಷಯ, ಇನ್ನೊಬ್ಬ ಕೀವು ತರುವ ಸಾಮಾನ್ಯ ಬ್ಯಾಕ್ಟೀರಿಯ. ಮೊದಮೊದಲು ಎಕ್ಸ್‌ರೇಗೆ ಇಬ್ಬರೂ ಸಿಕ್ಕೋದು ಕಷ್ಟ. ಎಂ.ಆರ್.ಐ. ಬೇಗ ಹಿಡಿಯುತ್ತೆ, ಗುರುತನ್ನೂ ಹೇಳುತ್ತೆ. ಕೀವಿನ ಸೋಂಕು ಹೆಚ್ಚಾಗಿ ಸೊಂಟದ ಭಾಗದಲ್ಲಿ, ಮೂಳೆಗಳ ನಡುವಿನ ಡಿಸ್ಕನ್ನು ಬೇಗ ತಿಂದುಹಾಕುತ್ತೆ. ಕ್ಷಯ ಹಾಗಲ್ಲ, ಡಿಸ್ಕನ್ನು ಸಾಮಾನ್ಯವಾಗಿ ಕೊನೆಗೆ ಬಿಟ್ಟು, ಮೂಳೆಯನ್ನು ಕೊರೆದು, ಪಕ್ಕದಲ್ಲಿ ತೆಳು ಗೋಡೆಯ ಕೀವುಗಡ್ಡೆ ಕಟ್ಟಿ, ಮೂಳೆಯಿಂದ ಮೂಳೆಗೆ ಹರಡುತ್ತೆ.

ಗುರುತು ಸಿಕ್ಕರೇನು ಲಾಭ? ಕೀವಿನ ಸೋಂಕಿಗೆ ಸಾಮಾನ್ಯವಾಗಿ 6 ವಾರದ ಔಷಧಿ, ಕ್ಷಯಕ್ಕೆ ಸುಮಾರು 12 ತಿಂಗಳದ್ದು. ದಾರಿ ತಪ್ಪಿದರೆ ಬೆನ್ನು ಗೂನಾದೀತು, ಕಾಲು ಸ್ವಾಧೀನ ತಪ್ಪೀತು.

ಆದರೂ ಚಿತ್ರ ಬರೀ ಸಾಕ್ಷಿ, ತೀರ್ಪಲ್ಲ. ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದರೇನೇ ಬಹುಪಾಲು ಖಚಿತ. ಕ್ಷಯವೆಂದಾದರೆ ಎದೆಗುಂದಬೇಕಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ನಡುವೆ ಬಿಡದೆ ನುಂಗಬೇಕು, ಅಷ್ಟೆ.