ಪ್ಲಾಸ್ಮಾ ಕಟರ್ ಕೊಳ್ಳುವ ಮುನ್ನ ಮೀಟರ್ ಬೋರ್ಡ್ ನೋಡಿ

ಬೆಂಗಳೂರು: ಕನಕಪುರ ರಸ್ತೆಯ ಮಗ್ಗುಲಿನ ಜರಗನಹಳ್ಳಿಯಂಥ ಕಡೆ ಮನೆಗಳ ನಡುವೆಯೇ ಗೇಟು, ಗ್ರಿಲ್ಲು ಮಾಡುವ ಸಣ್ಣ ವರ್ಕ್‌ಶಾಪ್‌ಗಳಿರುತ್ತವೆ. ಇಂಥಲ್ಲಿಗಾಗಲಿ, ತೋಟದ ಶೆಡ್ಡಿಗಾಗಲಿ ಪ್ಲಾಸ್ಮಾ ಕಟರ್ ಕೊಳ್ಳಹೊರಟವರು ಮೊದಲು ಕೇಳುವುದು, ಎಷ್ಟು ದಪ್ಪ ಕತ್ತರಿಸುತ್ತದೆ ಎಂದು. ಅದಕ್ಕೂ ಮುನ್ನ ಕೇಳಬೇಕಾದುದು ಬೇರೆಯೇ ಇದೆ.

ಗ್ಯಾಸ್ ಕಟಿಂಗ್‌ನಲ್ಲಿ ಆಮ್ಲಜನಕವು ಕಬ್ಬಿಣವನ್ನು ಉರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಅದಕ್ಕೆ ಬಗ್ಗವು. ಪ್ಲಾಸ್ಮಾದಲ್ಲಾದರೋ ವಿದ್ಯುತ್ ಆರ್ಕ್ ಗಾಳಿಯನ್ನೇ ಕಾಯಿಸಿ, ಲೋಹವನ್ನು ಕರಗಿಸಿ ಊದಿಬಿಡುತ್ತದೆ. ಹೀಗಾಗಿ ಲೆಕ್ಕವೆಲ್ಲ ವಿದ್ಯುತ್ತು ಮತ್ತು ಗಾಳಿಯದು.

40 ಆಂಪಿಯರ್ ಯಂತ್ರ ಹೊರಹಾಕುವ ಶಕ್ತಿಯೇ ಸುಮಾರು 4 ಕಿಲೋವಾಟ್. ಪೂರ್ಣ ಹೊರೆಯಲ್ಲಿ 230 ವೋಲ್ಟ್‌ನ ಮನೆಸಂಪರ್ಕದಿಂದ ಅದು 16 ಆಂಪಿಯರ್ ಮೀರಿ ಎಳೆಯುತ್ತದೆ. ಗೀಸರಿನ ಸಾಕೆಟ್ ತಾಳದು. ಜತೆಗೆ 2 ಅಶ್ವಶಕ್ತಿಯ ಕಂಪ್ರೆಸರಿಗೆ ಮತ್ತೆ ಒಂದೂವರೆ ಕಿಲೋವಾಟ್. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವಾಟ್ ಎಂದಿದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ನೀರಾವರಿ ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕವನ್ನು ಇದಕ್ಕೆ ಬಳಸುವಂತಿಲ್ಲ.

ಗಾಳಿ ಸುಮಾರು 5 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ 100 ಲೀಟರಿಗೂ ಮಿಗಿಲಾಗಿ, ಎಡೆಬಿಡದೆ ಬರಬೇಕು. ಟೈರಿಗೆ ಗಾಳಿ ಹಾಕುವ ಪುಟ್ಟ ಕಂಪ್ರೆಸರ್ ಸಾಲದು. ಗಾಳಿಯಲ್ಲಿ ತೇವವಿದ್ದರೆ ನಾಝಲ್, ಎಲೆಕ್ಟ್ರೋಡ್ ಬೇಗ ಸವೆಯುತ್ತವೆ. ನೀರು ಬೇರ್ಪಡಿಸುವ ಫಿಲ್ಟರಿನಲ್ಲಿ ಜಿಪುಣತನ ಬೇಡ.

ಇನ್ನು ದಪ್ಪ. ಕ್ಯಾಟಲಾಗಿನ ದೊಡ್ಡ ಅಂಕಿ ಬಹಳ ಸಲ ಹೇಗೋ ತುಂಡಾಗುವ ಮಿತಿ. ಅಂಚು ನಯವಾಗಿ ಬರುವುದು ಅದಕ್ಕಿಂತ ತೆಳುವಾದ ತಗಡಿನಲ್ಲಿ. ಡ್ಯೂಟಿ ಸೈಕಲ್ ಶೇ. 60 ಎಂದರೆ ಪ್ರತಿ 10 ನಿಮಿಷಕ್ಕೆ 6 ನಿಮಿಷವಷ್ಟೇ ಕೆಲಸ. ತಿಂಗಳಿಗೊಮ್ಮೆ ನಾಲ್ಕು ಆಂಗಲ್ ಕತ್ತರಿಸುವವರಿಗೆ ಗ್ರೈಂಡರೇ ಸಾಕು. ಕೊಂಡವರು, ಜಿ.ಐ. ಪೈಪನ್ನು ಮುಚ್ಚಿದ ಶೆಡ್ಡಿನಲ್ಲಿ ಕತ್ತರಿಸದಿರಲಿ. ಸತುವಿನ ಹೊಗೆ ಜ್ವರ ತರಿಸುತ್ತದೆ.