ಆಚೆ ದಡದ ಸುದ್ದಿ

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಧಾರಾನಾಥನ ಕ್ಷೇತ್ರವಾದ ಧಾರೇಶ್ವರ ಸಿಗುತ್ತದೆ. ಇಂಥ ಊರಿನ ಹೆಸರು ರಾಜಧಾನಿಯ ಪತ್ರಿಕೆಗಳಲ್ಲಿ ಮೂಡಬೇಕಾದರೆ ತೇರಾದರೂ ಎಳೆಯಬೇಕು, ಗುಡ್ಡವಾದರೂ ಕುಸಿಯಬೇಕು.

ಗುಡ್ಡ ಕುಸಿದದ್ದೂ ಉಂಟು. ಇದೇ ಹೆದ್ದಾರಿಯಲ್ಲಿ, ಉತ್ತರಕ್ಕಿರುವ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರಂದು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೊಚ್ಚಿತು. ಕೇರಳದ ವಾಹಿನಿಗಳು ತಮ್ಮ ನಾಡಿನ ಲಾರಿ ಚಾಲಕನಿಗಾಗಿ ದಿನಗಟ್ಟಲೆ ಹೊಳೆದಂಡೆಯಲ್ಲಿ ನಿಂತವು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ತಮ್ಮವನಿಗಾಗಿ ನಿಂತದ್ದು ತಪ್ಪೇನಲ್ಲ. ಉಳುವರೆಗಾಗಿ ನಿಲ್ಲಬೇಕಾದವರು ಯಾರು?

ಜಿಲ್ಲೆಯ ಸಣ್ಣ ಪತ್ರಿಕೆಗಳೇ. ದಿನಕರ ದೇಸಾಯಿಯವರ ‘ಜನಸೇವಕ’ ವಾರಪತ್ರಿಕೆ ಈ ಜಿಲ್ಲೆಯದೇ; ಮುಂದೆ ಕಾರವಾರದಿಂದ ‘ಕರಾವಳಿ ಮುಂಜಾವು’ ಹೊರಟಿತು. ಇಂಥ ಪತ್ರಿಕೆಗಳ ಜೀವವಿರುವುದು ಚಂದಾ ಹಣದಲ್ಲಿ, ಪೇಟೆಯ ಅಂಗಡಿಗಳ ಜಾಹೀರಾತಿನಲ್ಲಿ. ಆ ಜಾಹೀರಾತು ಈಗ ಮೊಬೈಲಿಗೆ ಹರಿದಿದೆ. ತಾಲ್ಲೂಕಿನ ವರದಿಗಾರ ಅನೇಕ ಕಡೆ ಬಾತ್ಮಿಯ ಜೊತೆಗೆ ಜಾಹೀರಾತನ್ನೂ ತರಬೇಕು. ಕೊಟ್ಟವರ ವಿರುದ್ಧ ಬರೆಯುವುದೆಂತು!

ವಾಟ್ಸಾಪಿನಲ್ಲಿ ಸುದ್ದಿ ಬೇಗ ಬರುತ್ತದೆ, ನಿಜ. ಆದರೆ ರಸ್ತೆಗಾಗಿ ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಿದರೆಂದು ಕಚೇರಿಯ ಕಾಗದ ತೆಗೆಸಿ ನೋಡಿ, ತನ್ನ ಹೆಸರು ಹಾಕಿ ಬರೆಯಲು ಆ ವರದಿಗಾರನೇ ಹೋಗಬೇಕು. ಹೆಚ್ಚಾಗಿ ತನ್ನದೇ ಪೆಟ್ರೋಲಿನಲ್ಲಿ.